ಮಲೆನಾಡಿನ ಮನೆ ಬಿಟ್ಟು ಮತ್ತೆ ಬೆಂಗಳೂರಿಗೆ: ಹೋಗಿ ಬಂದವರು ಹೇಳಿ

ತೀರ್ಥಹಳ್ಳಿ ಹತ್ತಿರದಿಂದ ಪ್ರಶ್ನೆ

ನನಗೆ 62, ನಮ್ಮವರಿಗೆ 68. ಬೆಂಗಳೂರಿನಲ್ಲಿ ಮೂವತ್ತು ವರ್ಷ ಸಂಸಾರ ಮಾಡಿ, ಅವರು ರಿಟೈರ್ ಆದ ಮೇಲೆ ಇಲ್ಲಿ ಮನೆ ಕಟ್ಟಿಸಿಕೊಂಡು ಬಂದೆವು. ನಾಲ್ಕು ರೂಮು, ಜಗಲಿ, ಹಿಂದೆ ಅರ್ಧ ಎಕರೆ ಅಡಿಕೆ. ಮೊದಮೊದಲು ಸ್ವರ್ಗ. ಈಗ ನನ್ನ ಮಂಡಿ ಮಾತು ಕೇಳುತ್ತಿಲ್ಲ, ಅಡಿಕೆ ಕೊನೆ ಕೊಯ್ಯುವ ಕೊನೆಗಾರರು ಸಿಗುತ್ತಿಲ್ಲ, ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು. ಹೋದ ಆಷಾಢದಲ್ಲಿ ಇವರಿಗೆ ರಾತ್ರಿ ಎದೆನೋವು ಬಂದು, ಶಿವಮೊಗ್ಗಕ್ಕೆ 60 ಕಿಲೋಮೀಟರ್ ಆ ಮಳೆಯಲ್ಲೇ ಓಡಿದೆವು. ಗ್ಯಾಸ್ಟ್ರಿಕ್ ಅಂದರು, ಬಚಾವ್. ಅವತ್ತಿನಿಂದ ಮಗಳು ಒಂದೇ ಹಠ, ಬೆಂಗಳೂರಿಗೆ ಬನ್ನಿ ಅಂತ. ಅವಳಿರುವುದು ವೈಟ್‌ಫೀಲ್ಡ್ ಕಡೆ. ನಮ್ಮ ನೆಂಟರು, ಸ್ನೇಹಿತರೆಲ್ಲ ಬಸವನಗುಡಿ, ಹನುಮಂತನಗರ. ಎರಡು ರೂಮಿನ ಫ್ಲ್ಯಾಟ್ ಸಾಕು ಅಂತ ನಾನು. ಇವರದ್ದು ಒಲ್ಲದ ಮನಸ್ಸು. ಕೊಳ್ಳುವುದಾ, ಬಾಡಿಗೆಯಾ? ಯಾವ ಏರಿಯಾ? ಈ ಸಾಮಾನನ್ನೆಲ್ಲ ಏನು ಮಾಡುವುದು?

ಹನುಮಂತನಗರದಿಂದ

ತಂಗಿ, ನಾವು ಅರಕಲಗೂಡು ಕಡೆಯಿಂದ ವಾಪಸ್ ಬಂದವರು. ಬೆಂಗಳೂರಿಗೆ ಹೋಗಬೇಕಾ ಬೇಡವಾ ಅನ್ನುವುದು ಆಮೇಲೆ. ಯಾವ ಬೀದಿಗೆ ಅಂತ ಮೊದಲು ಯೋಚಿಸಿ. ನಮ್ಮ ವಯಸ್ಸಿನಲ್ಲಿ ಊರು ಅಂದರೆ ನಡೆದು ಹೋಗಿ ಬರುವಷ್ಟು ಜಾಗವೇ. ಅಷ್ಟರೊಳಗೆ ತರಕಾರಿ, ಮೆಡಿಕಲ್ ಶಾಪು, ಕರೆದರೆ ಸಿಗುವ ಒಬ್ಬ ಡಾಕ್ಟರು, ಒಂದು ಪಾರ್ಕು, "ಏನ್ರೀ, ಎರಡು ದಿನ ಕಾಣಲಿಲ್ಲ" ಅನ್ನುವ ನಾಲ್ಕು ಜನ ಇರಬೇಕು. ನನಗೆ ಇಲ್ಲಿ ಗಾಂಧಿ ಬಜಾರ್‌ವರೆಗೂ ಕಾಲೇ ಸಾಕು. ಎನ್.ಆರ್. ಕಾಲೊನಿಯ ಗೋಖಲೆ ಸಂಸ್ಥೆಯಲ್ಲಿ ಉಪನ್ಯಾಸ, ಚಾಮರಾಜಪೇಟೆಯಲ್ಲಿ ರಾಮನವಮಿ ಸಂಗೀತ, ಕಾರ್ತೀಕದ ಕೊನೇ ಸೋಮವಾರ ಬಂತೆಂದರೆ ಕಡಲೆಕಾಯಿ ಪರಿಷೆ. ಇದಕ್ಕೆಲ್ಲ ಮಕ್ಕಳ ಕಾರು ಕಾಯಬೇಕಿಲ್ಲ.

ಅಲ್ಲಿನ ಮನೆ ಮಾರುವ ಮೊದಲು ಒಂದು ವರ್ಷ ಇಲ್ಲಿ ಬಾಡಿಗೆಗೆ ಇದ್ದು ನೋಡಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಹೇಗೂ ರೂಢಿ. ಅಡ್ವಾನ್ಸ್ ಹಿಂದೆಲ್ಲ ಹತ್ತು ತಿಂಗಳ ಬಾಡಿಗೆ ಕೇಳುತ್ತಿದ್ದರು, ಈಗಲೂ ಕೇಳುವವರು ಇದ್ದಾರೆ. ಚೌಕಾಸಿ ಮಾಡಿ. ಪೆನ್ಷನ್ ಬರುವ ಗಂಡ ಹೆಂಡತಿ ಅಂದರೆ ಓನರುಗಳಿಗೆ ಖುಷಿ, ಇಳಿಸುತ್ತಾರೆ. ಭೋಗ್ಯಕ್ಕೆ ಸಿಗುತ್ತೆ, ದೊಡ್ಡ ಮೊತ್ತ ಒಮ್ಮೆಗೇ ಇಟ್ಟರೆ ಬಾಡಿಗೆಯೇ ಇಲ್ಲ ಅಂತ ಬ್ರೋಕರು ಆಸೆ ಹುಟ್ಟಿಸುತ್ತಾನೆ. ಮನೆ ನಿಜವಾಗಿ ಯಾರದ್ದು, ಅದರ ಮೇಲೆ ಬ್ಯಾಂಕ್ ಸಾಲ ಇದೆಯಾ, ದುಡ್ಡು ಓನರ್ ಖಾತೆಗೇ ಹೋಗುತ್ತಾ, ಇದನ್ನೆಲ್ಲ ನೋಡದೆ ಕೈ ಹಾಕಬೇಡಿ. ಮಧ್ಯದವರು ಭೋಗ್ಯದ ದುಡ್ಡು ನುಂಗಿ, ಬಾಡಿಗೆಯವರೂ ಓನರೂ ಸ್ಟೇಷನ್ ಮೆಟ್ಟಿಲು ಹತ್ತಿದ ಕತೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ರಿಟೈರ್‌ಮೆಂಟ್ ದುಡ್ಡನ್ನು ಭೋಗ್ಯಕ್ಕೆ ಇಡುವುದು ನನಗಂತೂ ಸುತಾರಾಂ ಇಷ್ಟವಿಲ್ಲ.

ಮಂಡಿ ನೋವು ಅಂದಿರಿ. ಇಲ್ಲಿ ಕೆಳಗೆ ಓನರು, ಮೇಲೆ ಬಾಡಿಗೆ. ಲಿಫ್ಟ್ ಇರುವುದು ಅಪರೂಪ. 30-40 ಸೈಟಿನಲ್ಲಿ ಜಾಗ ಉಳಿಸಲು ಮೆಟ್ಟಿಲು ಕಡಿದಾಗಿ ಕಟ್ಟಿರುತ್ತಾರೆ. ಮನೆ ನೋಡಲು ಹೋದಾಗ ಹತ್ತುವುದನ್ನಲ್ಲ, ಇಳಿಯುವುದನ್ನು ಗಮನಿಸಿ. ಕೈಯಲ್ಲಿ ಒಂದು ಚೀಲ ಹಿಡಿದು ಇಳಿಯಿರಿ.

ಇನ್ನು ನೀರು. ಮನೆ ನೋಡುವುದಾದರೆ ಏಪ್ರಿಲ್‌ನಲ್ಲಿ ನೋಡಿ. ಮಳೆಗಾಲದಲ್ಲಿ ಎಲ್ಲರ ಸಂಪೂ ತುಂಬಿರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟಿನವರೇ ಟ್ಯಾಂಕರ್ ಹಿಂದೆ ಓಡಿದರು. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂದ ಮೇಲೆ ಹೊರವಲಯದ 110 ಹಳ್ಳಿಗಳಿಗೂ ಕಾವೇರಿ ನೀರು ಅಂದರು. ಆದರೆ ಪೈಪು ರಸ್ತೆಗೆ ಬಂದಿರುವುದು ಬೇರೆ, ಆ ಕಟ್ಟಡ ಕನೆಕ್ಷನ್ ತೆಗೆದುಕೊಂಡಿರುವುದು ಬೇರೆ. "ಕಾವೇರಿ ಇದೆಯಾ" ಅಂತ ಓನರನ್ನು ಕೇಳಬೇಡಿ. ವಾಚ್‌ಮನ್‌ನನ್ನು ಕೇಳಿ, ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತಪ್ಪಾ ಅಂತ.

ಮಗಳ ಮನೆ ದೂರವೇ, ಸುಳ್ಳು ಹೇಳಲಾರೆ. ನ್ಯಾಷನಲ್ ಕಾಲೇಜಿನಲ್ಲಿ ಹಸಿರು ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಬೇಕು. 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಒಂದೇ ರೈಲು. ಆದರೂ ಒಂದು ಗಂಟೆ ಮೇಲೆ ಹಿಡಿಯುತ್ತೆ. ಬೆಳಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿಯುವ ಸಾಹಸ ಬೇಡ, ಹನ್ನೊಂದರ ಮೇಲೆ ಹೊರಡಿ.

ವಿಜಯನಗರದಿಂದ

ಅಕ್ಕಾ, ಏರಿಯಾ ಬಗ್ಗೆ ದೊಡ್ಡವರು ಹೇಳಿದ್ದಾರೆ. ನಾನು ಸಾಮಾನಿನ ಬಗ್ಗೆ ಹೇಳುತ್ತೇನೆ. ಸಾಗರದಲ್ಲಿ ನಮ್ಮ ಅತ್ತೆಯ ಮನೆ ಖಾಲಿ ಮಾಡುವಾಗ ಎಲ್ಲ ನನ್ನ ಕೈ ಮೇಲೆಯೇ ಹೋಗಿದ್ದು.

ಪಾತ್ರೆಯಿಂದ ಶುರು ಮಾಡಬೇಡಿ, ಅಟ್ಟದಿಂದ ಶುರು ಮಾಡಿ. ಅಟ್ಟದ ಸಾಮಾನನ್ನು ಯಾರೂ ವರ್ಷಗಟ್ಟಲೆ ಮುಟ್ಟಿರುವುದಿಲ್ಲ, ಜಗಳ ಕಡಿಮೆ. ಪಾತ್ರೆಗೆ ಬಂದಿರೋ, ಕೆಲಸ ನಿಂತಿತು ಅಂತಲೇ ಲೆಕ್ಕ. ನಮ್ಮತ್ತೆ ಒಂದೊಂದು ಸ್ಟೀಲ್ ಡಬ್ಬಿಯನ್ನೂ ತಿರುಗಿಸಿ, ಕನ್ನಡಕ ಸರಿ ಮಾಡಿಕೊಂಡು, ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು ಓದುತ್ತಾ ಕೂತರು. ಇದು ಚಿಕ್ಕಮ್ಮ ಉಪನಯನಕ್ಕೆ ಕೊಟ್ಟಿದ್ದು. ಇದು ಪಕ್ಕದ ಮನೆಯವರು ಗೃಹಪ್ರವೇಶಕ್ಕೆ ಕೊಟ್ಟಿದ್ದು, ಆಮೇಲೆ ಬೇಲಿ ವಿಷಯಕ್ಕೆ ಮಾತು ಬಿಟ್ಟರು. ಒಂದು ಮಧ್ಯಾಹ್ನಕ್ಕೆ ಒಂದೇ ಶೆಲ್ಫು. ಕೊನೆಗೆ ಒಂದು ಉಪಾಯ ಮಾಡಿದೆವು. ಯಾರ ಹೆಸರು ಇದೆಯೋ ಅವರ ಮಕ್ಕಳಿಗೇ ಫೋನ್ ಮಾಡಿ, ಊಟಕ್ಕೆ ಬನ್ನಿ, ಹೋಗುವಾಗ ನಿಮ್ಮಮ್ಮನ ಪಾತ್ರೆ ತಗೊಂಡು ಹೋಗಿ ಅಂದೆವು. ಎಷ್ಟೋ ಜನ ಬಂದರು. ಒಬ್ಬ ಹುಡುಗ ಅಜ್ಜಿ ಹೆಸರಿನ ಲೋಟದ ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡ. ಬಾರದವರದ್ದು ದೇವಸ್ಥಾನದ ಅಡುಗೆಮನೆಗೆ ಹೋಯಿತು.

ತಾಮ್ರ, ಹಿತ್ತಾಳೆ ಕೊಡುವುದಾದರೆ ಎರಡು ಅಂಗಡಿಯಲ್ಲಿ ತೂಕ ಹಾಕಿಸಿ. ಎಷ್ಟೇ ಚೆಂದದ ಕೆಲಸ ಇರಲಿ, ಕರಗಿಸುವ ಲೆಕ್ಕದಲ್ಲೇ ರೇಟು ಹೇಳುತ್ತಾರೆ. ಬಚ್ಚಲ ಹಂಡೆಯನ್ನು ಬಾಲ್ಕನಿಯಲ್ಲಿಟ್ಟು ಗಿಡ ಬೆಳೆಸುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಮಣ್ಣು ತುಂಬಿದ ಹಂಡೆ ಸರಿಸಲು ಇಬ್ಬರು ಬೇಕು. ಆಸೆ ಬಿಡಿ. ಉಪ್ಪಿನಕಾಯಿ ಜಾಡಿ ಮಾತ್ರ ಒಂದು ತನ್ನಿ, ಅಪ್ಪೆಮಿಡಿ ಊರಿಂದ ಬರುತ್ತಲೇ ಇರುತ್ತೆ ಅಲ್ವಾ!

ಬೀರು, ಮಂಚ ತರುವುದಾದರೆ ಮನೆ ಬಾಗಿಲಷ್ಟೇ ಅಳೆದು ಬರಬೇಡಿ. ಲಿಫ್ಟಿನ ಒಳಗೆ ಅಳೆಯಿರಿ, ಮೆಟ್ಟಿಲ ತಿರುವು ಅಳೆಯಿರಿ. ಆರೂವರೆ ಅಡಿ ಬೀರುವನ್ನು ಪುಟ್ಟ ಲಿಫ್ಟಿನಲ್ಲಿ ಓರೆ ಮಾಡಲು ಆಗುವುದಿಲ್ಲ. ಮೆಟ್ಟಿಲ ಮೇಲೆ ಹೊತ್ತರೆ ಮಹಡಿ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ. ಬೀಟೆ ಮಂಚ ಕಳಚಲು ಬರುವಂಥದ್ದಾದರೆ ತನ್ನಿ, ಇಲ್ಲದಿದ್ದರೆ ಅಲ್ಲೇ ಯಾರಿಗಾದರೂ ಕೊಡಿ. ಪುಸ್ತಕಗಳಿಗೆ ನಿಮ್ಮ ಗ್ರಾಮ ಪಂಚಾಯಿತಿ ಲೈಬ್ರರಿ, ಅದೇ ಈಗಿನ ಅರಿವು ಕೇಂದ್ರ, ಅಲ್ಲಿ ವಿಚಾರಿಸಿ. ನಮ್ಮಲ್ಲಿ ಮಕ್ಕಳ ಪುಸ್ತಕ, ಕಾದಂಬರಿ ಖುಷಿಯಿಂದ ತಗೊಂಡರು. ಮಾವ ಬೈಂಡ್ ಮಾಡಿಸಿಟ್ಟಿದ್ದ ವಾರಪತ್ರಿಕೆಗಳು ಬೇಡವೇ ಬೇಡ ಅಂದರು.

ನಿಮ್ಮ ಯಜಮಾನರ ಸಾಮಾನಿಗೆ ನೀವು ಕೈ ಹಾಕಬೇಡಿ. ಕತ್ತಿ, ಗರಗಸ, ಕೆಟ್ಟ ರೇಡಿಯೋ ಎಲ್ಲ ಇರುತ್ತೆ, ಗೊತ್ತು. ಒಂದು ಟ್ರಂಕು ಕೊಟ್ಟು, ಇದರಲ್ಲಿ ಏನು ಬೇಕಾದರೂ ತುಂಬಿ, ನಾನು ಕೇಳಲ್ಲ ಅನ್ನಿ.

ಪ್ರಶ್ನೆ ಕೇಳಿದವರು

ಟ್ರಂಕಿನ ಮಾತು ಹೇಳಿದೆ. "ಎರಡು ಟ್ರಂಕು" ಅಂದರು. ಅಂತೂ ವ್ಯಾಪಾರಕ್ಕೆ ಇಳಿದರು. ಮನೆ ಮಾರಿದರೆ ಟ್ಯಾಕ್ಸ್ ಎಷ್ಟು ಹೋಗುತ್ತೆ ಅಂತ ಬಲ್ಲವರು ಹೇಳಿ. ನಮ್ಮ ಮೈದುನ ಒಬ್ಬರು, ಆಸ್ತಿ ಮಗಳ ಹೆಸರಿಗೆ ದಾನಪತ್ರ ಮಾಡಿ ಅವಳ ಜೊತೆಗೇ ಇದ್ದುಬಿಡಿ ಅನ್ನುತ್ತಿದ್ದಾರೆ.

ಮಲ್ಲೇಶ್ವರದಿಂದ

ಬ್ಯಾಂಕಿನಲ್ಲಿ ಇದ್ದವನು, ಹಾಗಾಗಿ ನೇರ ಲೆಕ್ಕಕ್ಕೆ ಬರುತ್ತೇನೆ. ವಾಸದ ಮನೆ ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ತೆರಿಗೆ. 2024ರ ಜುಲೈ 23ಕ್ಕೆ ಮೊದಲಿನ ಆಸ್ತಿಯಾದರೆ ಎರಡು ರೀತಿ ಲೆಕ್ಕ ಹಾಕಬಹುದು: ಬೆಲೆ ಏರಿಕೆಯ ಸೂಚ್ಯಂಕ ಸೇರಿಸದೆ ಶೇ. 12.5, ಸೇರಿಸಿ ಶೇ. 20. ಯಾವುದು ಕಡಿಮೆಯೋ ಅದು. ಆ ಲಾಭವನ್ನು ಇನ್ನೊಂದು ವಾಸದ ಮನೆಗೆ ಹಾಕಿದರೆ ವಿನಾಯಿತಿ ಇದೆ. ಮಾರುವ ಹಿಂದಿನ ಒಂದು ವರ್ಷದಲ್ಲಿ ಅಥವಾ ಮಾರಿದ ಎರಡು ವರ್ಷದೊಳಗೆ ಕೊಂಡಿರಬೇಕು. ರಿಟರ್ನ್ ಹಾಕುವ ಕೊನೇ ದಿನದೊಳಗೆ ಮನೆ ಸಿಗಲಿಲ್ಲವಾದರೆ ದುಡ್ಡನ್ನು ಎಸ್‌ಬಿ ಖಾತೆಯಲ್ಲೇ ಬಿಡಬೇಡಿ. ಕ್ಯಾಪಿಟಲ್ ಗೇನ್ಸ್ ಖಾತೆ ಅಂತಲೇ ಬೇರೆ ಇದೆ, ಅದರಲ್ಲಿ ಇಡಿ. ಅಡಿಕೆ ತೋಟದ ಕತೆ ಬೇರೆ. ಹಳ್ಳಿಯ ಕೃಷಿ ಜಮೀನಿಗೆ ಈ ತೆರಿಗೆ ಇಲ್ಲ, ಪಟ್ಟಣಕ್ಕೆ ಎಷ್ಟು ದೂರ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಆಡಿಟರ್ ಹತ್ತಿರ ಮಾರುವ ಮೊದಲೇ ಹೋಗಿ.

ಕೊಳ್ಳುವ ಖರ್ಚೂ ಕಡಿಮೆಯಲ್ಲ. ಒಂದು ಕೋಟಿಯ ಫ್ಲ್ಯಾಟ್ ಅಂದುಕೊಳ್ಳಿ. ಮುದ್ರಾಂಕ ಶುಲ್ಕ, ಸೆಸ್ಸು ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಅಲ್ಲಿಗೆ 7.6 ಲಕ್ಷ. ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆ), ಇಸಿ (ಆಸ್ತಿಯ ಮೇಲೆ ಋಣ ಇದೆಯಾ ಅಂತ ತೋರಿಸುವ ಪತ್ರ), ಓಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿ ಪತ್ರ) ಮೂರೂ ಕಣ್ಣಾರೆ ನೋಡದೆ ಟೋಕನ್ ಅಡ್ವಾನ್ಸ್ ಕೊಡಬೇಡಿ. ಓಸಿ ಬರುತ್ತೆ ಸಾರ್ ಅಂದರೆ, ಬಂದ ಮೇಲೆ ನಾವೂ ಬರುತ್ತೇವೆ ಅನ್ನಿ. ಸೂಪರ್ ಬಿಲ್ಟ್-ಅಪ್ 1,200 ಚದರಡಿ ಅಂದರೆ ಮನೆಯೊಳಗೆ ಓಡಾಡಲು ಸಿಗುವುದು ಸುಮಾರು 850ರಿಂದ 900. ಉಳಿದದ್ದು ಲಿಫ್ಟು, ಕಾರಿಡಾರು.

ದಾನಪತ್ರ ಬೇಡ. ಮಗಳು ಚಿನ್ನದಂಥವಳೇ ಇರಲಿ, ಬೇಡ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು, ನಿಜ. ಆ ವಯಸ್ಸಿನಲ್ಲಿ ಅಸಿಸ್ಟೆಂಟ್ ಕಮಿಷನರ್ ಆಫೀಸಿಗೆ ಫೈಲು ಹಿಡಿದು ಅಲೆಯುವವರು ಯಾರು? ವಿಲ್ ಬರೆದಿಡಿ, ಸಾಕು.

ಮೈಸೂರು, ಕುವೆಂಪುನಗರದಿಂದ

ಎಲ್ಲರೂ ಬೆಂಗಳೂರು ಅಂತ ತೀರ್ಮಾನ ಮಾಡಿಬಿಟ್ಟಿದ್ದೀರಿ! ಹೃದಯದ ಭಯವೇ ಕಾರಣವಾದರೆ ಜಯದೇವ ಆಸ್ಪತ್ರೆ ಇಲ್ಲೂ ಇದೆ. ಅದೇ ದುಡ್ಡಿಗೆ ಇಲ್ಲಿ ನೆಲಮಹಡಿ ಮನೆ, ಒಂದು ತುಳಸಿ ಕಟ್ಟೆ, ಎರಡು ಗಿಡಕ್ಕೆ ಜಾಗ ಸಿಗುತ್ತೆ. ಮಗಳು ಶನಿವಾರ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತಾಳೆ. ನಿಜ ಹೇಳಬೇಕೆಂದರೆ ಹನುಮಂತನಗರದಲ್ಲಿದ್ದರೂ ಅವಳು ಬರುವುದು ಶನಿವಾರವೇ.

ಕಾಡುಗೋಡಿಯಿಂದ

ಆಂಟಿ, ನಾನು ನಿಮ್ಮ ಮಗಳ ಜಾಗದಲ್ಲಿರುವವಳು. ಅಪ್ಪ ಅಮ್ಮನನ್ನು ಕೊಪ್ಪದಿಂದ ಕರೆದುಕೊಂಡು ಬಂದೆ. ನಮ್ಮ ಕಾಂಪೌಂಡಿನಲ್ಲೇ ಬೇರೆ ಬ್ಲಾಕಿನಲ್ಲಿ ಬಾಡಿಗೆ ಮನೆ. ಒಂದೇ ಮನೆಯಲ್ಲಿ ಇಡಲಿಲ್ಲ, ಅದು ಅಮ್ಮನದ್ದೇ ಷರತ್ತು. "ನನ್ನ ಒಲೆ ನನಗೆ ಬೇಕು" ಅಂದಳು. ಅದರಿಂದಲೇ ನಾವು ಇನ್ನೂ ಮಾತಾಡಿಕೊಂಡಿದ್ದೇವೆ.

ಅಮ್ಮನಿಗೆ ಊರು ಬೇಗ ಹಿಡಿಯಿತು. ಶಕ್ತಿ ಯೋಜನೆ ಬಂದ ಮೇಲಂತೂ ಬಸ್ಸು ಫ್ರೀ, ಆಧಾರ್ ಕಾರ್ಡ್ ಹಿಡಿದು ಮಲ್ಲೇಶ್ವರದ ತಂಗಿ ಮನೆಗೆ ಒಬ್ಬಳೇ ಹೋಗಿ ಬರುತ್ತಾಳೆ. ಕಷ್ಟವಾಗಿದ್ದು ಅಪ್ಪನಿಗೆ. ಇಲ್ಲಿ ಲಿಫ್ಟಿನಲ್ಲಿ ಸಿಕ್ಕವರು ಹಿಂದಿ, ಇಲ್ಲ ಇಂಗ್ಲಿಷ್. ಅಪ್ಪನಿಗೆ ಎರಡೂ ಬರುತ್ತೆ, ಆದರೆ ಆ ಭಾಷೆಯಲ್ಲಿ ಹರಟೆ ಹೊಡೆಯಲು ಬರಲ್ಲ. ಗೇಟಿನ ಆ್ಯಪ್ ಇನ್ನೊಂದು ತಲೆನೋವು. ಒಮ್ಮೆ ದೊಡ್ಡಪ್ಪ ಊರಿಂದ ಹಲಸಿನ ಹಣ್ಣು ಹೊತ್ತು ಬಂದು ಗೇಟಿನಲ್ಲಿ ನಿಂತಿದ್ದಾರೆ, ಸೆಕ್ಯುರಿಟಿಯವರು ಅಪ್ರೂವ್ ಮಾಡಿ ಅಂತ ಫೋನಿಗೆ ಕಳಿಸುತ್ತಿದ್ದಾರೆ, ಅಪ್ಪ ಫೋನು ಚಾರ್ಜಿಗೆ ಹಾಕಿ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದಾರೆ. ಸ್ವಂತ ಅಣ್ಣನನ್ನು ಒಳಗೆ ಬಿಡಲು ಪರ್ಮಿಷನ್ ಬೇಕಾ ಅಂತ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಆ್ಯಪಿನಲ್ಲಿ ನನ್ನ ನಂಬರನ್ನೂ ಸೇರಿಸಿದೆ.

ಈಗ ಸುಧಾರಿಸಿದ್ದಾರೆ. ರಾಜ್ಯೋತ್ಸವಕ್ಕೆ ಕಾಂಪೌಂಡಿನ ಕನ್ನಡದವರೆಲ್ಲ ಸೇರಿದಾಗ, ಅಪ್ಪನ ಹಾಗೇ ಮುಖ ಸಣ್ಣ ಮಾಡಿಕೊಂಡು ಕೂತಿದ್ದ ಚಿಕ್ಕಮಗಳೂರು, ಹಾವೇರಿ ಕಡೆಯ ಇನ್ನಿಬ್ಬರು ಸಿಕ್ಕರು. ಮೂವರೂ ಸಂಜೆ ಕ್ಲಬ್‌ಹೌಸ್ ಮುಂದಿನ ಬೆಂಚಿನಲ್ಲಿ ಅಡಿಕೆ ರೇಟು, ಮೆಣಸಿನಕಾಯಿ ರೇಟು ಮಾತಾಡುತ್ತಾರೆ. ಅಂಕಲ್‌ಗೆ ಒಲ್ಲದ ಮನಸ್ಸು ಅಂದಿರಿ. ಮನೆ ನೋಡಲು ಬಂದಾಗ ಸಂಜೆ ಆರಕ್ಕೆ ಬನ್ನಿ, ಬೆಂಚಿನಲ್ಲಿ ಯಾರು ಕೂತಿರುತ್ತಾರೆ, ಏನು ಮಾತಾಡುತ್ತಾರೆ ಅಂತ ಅವರೇ ಕೇಳಿಸಿಕೊಳ್ಳಲಿ.

ರಾಜಾಜಿನಗರದಿಂದ

ನನ್ನದು ಚಿಲ್ಲರೆ ವಿಷಯಗಳು. ಅಲ್ಲಿನ ಮನೆಯನ್ನು ಆ ಒಂದು ವರ್ಷ ಸುಮ್ನೆ ಬೀಗ ಹಾಕಿ ಬರಬೇಡಿ. ಮಲೆನಾಡಿನ ಮಳೆಗೆ ಬಾಗಿಲು ತೆಗೆಯದ ಮನೆ ಒಂದೇ ವರ್ಷಕ್ಕೆ ಗೆದ್ದಲಿನ ಪಾಲು. ಮೇಷ್ಟ್ರು, ನರ್ಸು ಯಾರಾದರೂ ಬಾಡಿಗೆಗೆ ಸಿಗುತ್ತಾರೆ. ಸಿಗದಿದ್ದರೆ ವಾರಕ್ಕೊಮ್ಮೆ ಕಿಟಕಿ ತೆರೆದು ಗುಡಿಸುವವರನ್ನು ಗೊತ್ತು ಮಾಡಿ. ವೋಟರ್ ಲಿಸ್ಟಿನಲ್ಲಿ ವಿಳಾಸ ಬದಲಾಯಿಸಲು ಫಾರಂ 8 ತುಂಬಿ. ಪೆನ್ಷನ್ ಲೈಫ್ ಸರ್ಟಿಫಿಕೇಟ್ ನವೆಂಬರಿನಲ್ಲಿ ಫೋನಿನಲ್ಲೇ ಮುಖ ತೋರಿಸಿ ಮಾಡಬಹುದು, ಹಳೇ ಬ್ಯಾಂಕಿಗೆ ಓಡಬೇಕಿಲ್ಲ. ಬಿಎಂಟಿಸಿಯಲ್ಲಿ ಅರವತ್ತು ದಾಟಿದವರಿಗೆ ಶೇ. 25 ರಿಯಾಯಿತಿ, ಯಜಮಾನರಿಗೆ ಹೇಳಿ. ಹಿರಿಯರ ಸಹಾಯವಾಣಿ 1090 ಮತ್ತು 14567 ಎರಡನ್ನೂ ಇಬ್ಬರ ಫೋನಿನಲ್ಲೂ ಹಾಕಿಡಿ. ಗ್ಯಾಸ್ ಕನೆಕ್ಷನ್‌ಗೆ ಸಿಲಿಂಡರು, ರೆಗ್ಯುಲೇಟರು ಅಲ್ಲಿನ ಏಜೆನ್ಸಿಗೆ ವಾಪಸ್ ಕೊಟ್ಟು ವೋಚರ್ ಬರೆಸಿಕೊಳ್ಳಿ. ಅದನ್ನು ಲಾರಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡಬೇಡಿ, ವ್ಯಾನಿಟಿ ಬ್ಯಾಗಿನಲ್ಲೇ ಇರಲಿ. ಇಲ್ಲಿ ಬಂದ ಮೊದಲ ದಿನವೇ ಬೇಕಾಗುತ್ತೆ.