ಕ್ಲೋವರ್‌ಲೀಫ್ ಇಂಟರ್‌ಚೇಂಜಲ್ಲಿ ಯಾಕೆ ಯಾವಾಗ್ಲೂ ಜಾಮ್?

ಪ್ರಶ್ನೆ: ಊರ ಮಧ್ಯ ಹೋಗೋ ಹೈವೇಲಿ ಕ್ಲೋವರ್‌ಲೀಫ್ (ಎರಡು ರೋಡ್ ಮೇಲೆ-ಕೆಳಗೆ ದಾಟೋ ಕಡೆ ನಾಲ್ಕೂ ಮೂಲೇಲಿ ಎಲೆ ಥರ ಸುತ್ತೋ ಲೂಪ್ ರೋಡ್ ಇರೋ ಜಂಕ್ಷನ್) ಇದ್ರೆ ಸಿಗ್ನಲ್ಲೇ ಬೇಡ ಅಂತಾರಲ್ಲ, ಮತ್ತೆ ಅಲ್ಲೇ ಯಾಕೆ ಗಾಡಿ ನಿಲ್ಲೋದು? ರೋಡ್ ಅಗಲ ಮಾಡಿದ್ರೆ ಸರಿಹೋಗುತ್ತಾ?

ಉತ್ತರ 1: ಅಗಲ ಅಲ್ಲ ಗುರು ಸಮಸ್ಯೆ, ವೀವಿಂಗ್. ಒಂದು ಲೂಪಿಂದ ಹೈವೇಗೆ ಬರೋ ಗಾಡಿ, ಮುಂದಿನ ಲೂಪಿಗೆ ಇಳಿಯೋ ಗಾಡಿ, ಎರಡೂ ಅದೇ ಚೂರು ಜಾಗದಲ್ಲಿ ಲೇನ್ ಬದಲಾಯಿಸ್ಬೇಕು, ಒಬ್ಬ ಸ್ಪೀಡ್ ಏರಿಸ್ತಿರ್ತಾನೆ ಇನ್ನೊಬ್ಬ ಬ್ರೇಕ್ ಒತ್ತಿರ್ತಾನೆ, ಮಧ್ಯೆ ಒಂದು ಲಾರಿ ಇಂಡಿಕೇಟರ್ ಹಾಕ್ಕೊಂಡು ಕಾಯ್ತಾ ನಿಂತ್ರೆ ಮೇನ್ ಲೇನೂ ಢಮಾರ್. 1916ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಡಿಸೈನ್ ಅದು, ಆಗಿನ ಟ್ರಾಫಿಕ್ಕೇ ಬೇರೆ ಬಿಡಿ.

ಉತ್ತರ 2: ಹೌದು, ಅದಕ್ಕೇ ಕೆಲವು ಕಡೆ ಪಕ್ಕದಲ್ಲೇ ಬೇರೆ ರೋಡ್ ಕೊಟ್ಟು ಈ ಅಡ್ಡಾಟನೆಲ್ಲ ಅಲ್ಲಿಗೆ ತಳ್ತಾರೆ. ದುಡ್ಡಿದ್ರೆ ಲಾಸ್ ಏಂಜಲೀಸಲ್ಲಿ 1953ರಲ್ಲಿ ಪೂರ್ತಿ ಓಪನ್ ಆಯ್ತಲ್ಲ, ಆ ಥರ ನಾಲ್ಕು ಅಂತಸ್ತಿನ ಸ್ಟ್ಯಾಕ್ (ಒಂದರ ಮೇಲೊಂದು ರೋಡ್ ಇರೋ ಜಂಕ್ಷನ್), ಲೂಪ್ ರಗಳೆನೇ ಇಲ್ಲ. ಆದ್ರೆ ಮನೆಗಳ ಪಕ್ಕ ಅಷ್ಟೆತ್ತರದ ಕಾಂಕ್ರೀಟ್ ಯಾರಿಗೆ ಬೇಕು ಹೇಳಿ.

ಪ್ರಶ್ನೆ ಕೇಳಿದವರು: ಓ ಹಾಗಾ. ಹಾಗಾದ್ರೆ ಎರಡೇ ಲೂಪ್ ತೆಗೆದ್ರೆ ಸಾಕಾಗಲ್ವಾ?

ಉತ್ತರ 1: ಸಾಕು, ಆದ್ರೆ ಓರೆಯಾಗಿ ಎದುರುಬದುರು ಇರೋವೇ ತೆಗೀಬೇಕು, ಅಕ್ಕಪಕ್ಕದ್ದಲ್ಲ; ಅಕ್ಕಪಕ್ಕದ್ದು ತೆಗೆದ್ರೆ ಉಳಿದೆರಡರ ಮಧ್ಯೆ ವೀವಿಂಗ್ ಹಾಗೇ ಇರುತ್ತೆ. ಆ ಎರಡಕ್ಕೆ ಬದಲಿ ಫ್ಲೈಓವರ್ ರ‍್ಯಾಂಪ್ ಕಟ್ಟಬೇಕಾಗುತ್ತೆ, ಖರ್ಚು ಅಲ್ಲೇ ಇರೋದು.