ಕತ್ತಿನ ಗಂಟು: ಕಿವಿ-ಮೂಗು-ಗಂಟಲು ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಕತ್ತಿನಲ್ಲಿ ಹುಟ್ಟಿನಿಂದ ಬರುವ ಗಂಟುಗಳ ಬಗ್ಗೆ ಇವತ್ತು ಡಾಕ್ಟರ್ ಉತ್ತರಿಸುತ್ತಾರೆ. ವಯಸ್ಸು, ಗಂಟು ಇರುವ ಜಾಗ, ಎಷ್ಟು ದಿನದಿಂದ ಇದೆ, ಇಷ್ಟು ಬರೆಯಿರಿ. ಫಾರ್ವರ್ಡ್ ಬೇಡ.

ಮಲ್ಲಿಗೆ: ನಮಸ್ತೆ ಡಾಕ್ಟ್ರೇ. ಮಗನಿಗೆ 5 ವರ್ಷ. ಗಂಟಲಿನ ಸರಿ ನಡುವೆ ಗೋಲಿಯಷ್ಟು ಗಂಟು. ನೋವಿಲ್ಲ. ನುಂಗುವಾಗ ಅದೂ ಮೇಲೆ ಕೆಳಗೆ ಆಡುತ್ತೆ.

ಡಾಕ್ಟರ್: ನಮಸ್ತೆ. ಬಾಯಿ ತೆರೆದು ನಾಲಿಗೆ ಪೂರ್ತಿ ಹೊರಗೆ ಚಾಚಲು ಹೇಳಿ. ಆಗಲೂ ಗಂಟು ಮೇಲಕ್ಕೆ ಸರಿದರೆ ಥೈರೋಗ್ಲಾಸಲ್ ಸಿಸ್ಟ್ ಇರುವ ಸಾಧ್ಯತೆ ಜಾಸ್ತಿ. ಥೈರಾಯ್ಡ್ ಗ್ರಂಥಿ ಗರ್ಭದಲ್ಲಿ ನಾಲಿಗೆಯ ಬುಡದಲ್ಲಿ ಹುಟ್ಟಿ ಕತ್ತಿಗೆ ಇಳಿಯುತ್ತದೆ. ಇಳಿದ ದಾರಿ ಆಮೇಲೆ ಮುಚ್ಚಿಹೋಗಬೇಕು. ಮುಚ್ಚದೆ ಉಳಿದ ಕಡೆ ನೀರು ತುಂಬಿ ಗಂಟಾಗುತ್ತದೆ. ಅಲ್ಟ್ರಾಸೌಂಡ್ ಮಾಡಿಸಿ. ಥೈರಾಯ್ಡ್ ತನ್ನ ಜಾಗದಲ್ಲಿದೆಯಾ ಅನ್ನೋದನ್ನೂ ರಿಪೋರ್ಟಿನಲ್ಲಿ ಬರೆಸಿ, ಮರೀಬೇಡಿ. ಅಪರೂಪಕ್ಕೆ ಆ ಗಂಟೇ ಮಗುವಿಗಿರುವ ಒಂದೇ ಥೈರಾಯ್ಡ್ ಆಗಿರುತ್ತದೆ. ನೋಡದೆ ತೆಗೆದರೆ ಮಗು ಜೀವನಪೂರ್ತಿ ಮಾತ್ರೆ ನುಂಗಬೇಕಾಗುತ್ತದೆ.

ಹಳೇ ಬೇರು: ಎಲ್ಲರ ಗಮನಕ್ಕೆ!! ಬಿಸಿ ಎಣ್ಣೆ ಹಚ್ಚಿ ಮೇಲಿಂದ ಕೆಳಗೆ ತಿಕ್ಕಿದರೆ 21 ದಿನದಲ್ಲಿ ಕತ್ತಿನ ಯಾವ ಗಂಟಾದರೂ ಕರಗುತ್ತದೆ. ಆಪರೇಷನ್ ಬೇಡವೇ ಬೇಡ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ತಿಕ್ಕಬೇಡಿ. ಹಿಂಡಬೇಡಿ. ಶಾಖ ಕೊಡಬೇಡಿ. ಇದು ಸ್ವಂತ ಗೋಡೆ ಇರುವ ಚೀಲ, ತಿಕ್ಕಿದರೆ ಕರಗಲ್ಲ. ಸೋಂಕು ಇದ್ದರೆ ಊತ ಜಾಸ್ತಿಯಾಗುತ್ತದೆ, ಆಮೇಲೆ ಆಪರೇಷನ್ನೂ ಕಷ್ಟ.

ಪುಟ್ಟಿಯಮ್ಮ: ಡಾಕ್ಟ್ರೇ, ಮಗಳಿಗೆ 7 ವರ್ಷ. ಕತ್ತಿನ ಎಡಗಡೆ, ಸ್ವಲ್ಪ ಕೆಳಗೆ, ಊತ ಬಂದು ಕೀವಾಗುತ್ತೆ. ಜ್ವರ ಬರುತ್ತೆ, ಎಂಜಲು ನುಂಗೋಕೂ ಅಳ್ತಾಳೆ. ಮೂರು ಸಲ ಕೊಯ್ದು ಕೀವು ತೆಗೆದಿದ್ದಾರೆ. ಥೈರಾಯ್ಡ್‌ಗೆ ಸೋಂಕು ಅಂದರು. ರಕ್ತದಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿದರೆ ನಾರ್ಮಲ್. ಯಾಕೆ ಮತ್ತೆ ಮತ್ತೆ ಬರುತ್ತೆ?

ಡಾಕ್ಟರ್: ಪ್ರತಿ ಸಲವೂ ಎಡಗಡೆಯೇನಾ? ಊತ ಬರುವ ಮುಂಚೆ ನೆಗಡಿ, ಗಂಟಲು ನೋವು ಇತ್ತಾ?

ಪುಟ್ಟಿಯಮ್ಮ: ಹೌದು, ಅದೇ ಜಾಗ. ನೆಗಡಿ ಆದ ಮೇಲೇ ಶುರುವಾಗೋದು.

ಡಾಕ್ಟರ್: ನಿಮಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಇದನ್ನು ಉಳಿಸಿಟ್ಟುಕೊಂಡು ನಿಮ್ಮ ಡಾಕ್ಟರಿಗೆ ತೋರಿಸಿ. ಥೈರಾಯ್ಡ್‌ಗೆ ರಕ್ತದ ಓಡಾಟ ಚೆನ್ನಾಗಿರುತ್ತದೆ, ಸುತ್ತಲೂ ಗಟ್ಟಿ ಕವಚ ಇರುತ್ತದೆ. ಅದರಲ್ಲಿ ಸುಮ್ನೆ ಕೀವಾಗುವುದು ಬಹಳ ಕಡಿಮೆ. ಮಗುವಿಗೆ ಎಡಗಡೆ ಅದೇ ಜಾಗದಲ್ಲಿ ತಿರುಗಿ ತಿರುಗಿ ಕೀವಾಗುತ್ತಿದೆ ಅಂದರೆ, ಒಳಗಿನಿಂದ ಯಾವುದೋ ದಾರಿ ಇದೆ ಅಂತಲೇ ನಾನು ಮೊದಲು ಅನುಮಾನ ಪಡುವುದು.

ಗರ್ಭದಲ್ಲಿ ಕತ್ತಿನ ಎರಡೂ ಕಡೆ ಬ್ರಾಂಕಿಯಲ್ ಕಮಾನುಗಳು ಅಂತ ಇರುತ್ತವೆ. ಅವುಗಳ ನಡುವೆ ಒಳಗಡೆಯಿಂದ ಚೀಲದಂಥ ಹಳ್ಳಗಳು. ಮೂರನೆಯದೋ ನಾಲ್ಕನೆಯದೋ ಚೀಲ ಪೂರ್ತಿ ಮುಚ್ಚದೆ ಉಳಿದರೆ, ಗಂಟಲಿನ ಒಳಗೆ ಧ್ವನಿಪೆಟ್ಟಿಗೆಯ ಪಕ್ಕದಲ್ಲಿರುವ ಪಿರಿಫಾರ್ಮ್ ಗುಳಿಯಿಂದ ಥೈರಾಯ್ಡ್ ಹತ್ತಿರದವರೆಗೆ ಸೂಜಿಯಷ್ಟು ಸಣ್ಣ ಸುರಂಗ ಉಳಿಯುತ್ತದೆ. ನೆಗಡಿಯಾದಾಗ ಬಾಯಿಯ ಕ್ರಿಮಿಗಳು ಅದರಲ್ಲಿ ಇಳಿದು ಕೀವು ಮಾಡುತ್ತವೆ. ಹೆಚ್ಚಿನ ಪಾಲು ಎಡಗಡೆಯೇ. ಹೊರಗಿನಿಂದ ಎಷ್ಟು ಸಲ ಕೊಯ್ದರೂ ಒಳಗಿನ ಬಾಯಿ ತೆರೆದೇ ಇರುತ್ತದೆ. ಮನೆಯೊಳಗೆ ನಲ್ಲಿ ತೆರೆದಿಟ್ಟು ಅಂಗಳ ಒರೆಸಿದ ಹಾಗೆ.

ಈಗ ಕೀವು ಇದ್ದರೆ ಮೊದಲು ಆಂಟಿಬಯಾಟಿಕ್. ಸಾಧ್ಯವಾದರೆ ಕೊಯ್ಯುವ ಬದಲು ಸೂಜಿಯಲ್ಲಿ ಎಳೆದು, ಯಾವ ಕ್ರಿಮಿ ಅಂತ ತಿಳಿಯಲು ಕಲ್ಚರ್‌ಗೆ ಕಳಿಸಲಿ. ಸಿಟಿ ಸ್ಕ್ಯಾನಿನಲ್ಲಿ ಥೈರಾಯ್ಡ್ ಪಕ್ಕ ಗಾಳಿಯ ಗುಳ್ಳೆ ಕಂಡರೆ ಅದು ದೊಡ್ಡ ಸುಳಿವು. ಊತ ಪೂರ್ತಿ ಇಳಿದು 6–8 ವಾರ ಆದ ಮೇಲೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ. ಊತ ಇರುವಾಗ ತೆಗೆದರೆ ಸುರಂಗ ಮುಚ್ಚಿಕೊಂಡಿರುತ್ತದೆ, ಏನೂ ಕಾಣಲ್ಲ, ‘ನಾರ್ಮಲ್’ ಅಂತ ರಿಪೋರ್ಟ್ ಬರುತ್ತದೆ. ಅದನ್ನು ನಂಬಿ ಸುಮ್ಮನಾಗಬೇಡಿ. ಕೊನೆಗೆ ಅರಿವಳಿಕೆ ಕೊಟ್ಟು ದುರ್ಬೀನಿನಲ್ಲಿ ಆ ಗುಳಿಯನ್ನೇ ನೋಡಬೇಕು. ತೂತು ಕಂಡರೆ ಎಷ್ಟೋ ಸಲ ಅಲ್ಲೇ ಸುಟ್ಟು ಮುಚ್ಚಬಹುದು, ಕತ್ತು ಕೊಯ್ಯಬೇಕಾಗಿಲ್ಲ. ತೆರೆದ ಆಪರೇಷನ್ ಬೇಕಾದರೆ ಧ್ವನಿಯ ನರ ಪಕ್ಕದಲ್ಲೇ ಇರುತ್ತದೆ, ಹಾಗಾಗಿ ಇಂಥದ್ದನ್ನು ಮಾಡಿ ಅಭ್ಯಾಸ ಇರುವವರ ಹತ್ತಿರವೇ ಹೋಗಿ. ಉಸಿರು ಕಟ್ಟಿದರೆ, ಎಂಜಲು ನುಂಗಲಾಗದೆ ಸುರಿದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಿ.

ಪುಟ್ಟಿಯಮ್ಮ: ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ ಡಾಕ್ಟ್ರೇ. ಇನ್ನೊಂದು ಮಗು ಆದರೆ ಅದಕ್ಕೂ ಬರುತ್ತಾ?

ಗಿಡುಗ: ನನ್ನ ತಂಗಿಗೂ ಗಂಟಲ ನಡುವೆ ಗಂಟು. ಏನು ಮಾಡೋದು?

ಡಾಕ್ಟರ್: ಮಲ್ಲಿಗೆಯವರಿಗೆ ಬರೆದದ್ದು ಓದಿ.

ಹಳೇ ಬೇರು: ಕೊಯ್ದರೆ ಹೀಗೇ, ಮತ್ತೆ ಮತ್ತೆ ಬರುತ್ತೆ. ಅದಕ್ಕೇ ನಾನು ಹೇಳಿದ್ದು. ನಮ್ಮ ಪರಿಚಯದವರ ಹುಡುಗನಿಗೆ ನಡುವಿನ ಗಂಟು ತೆಗೆಸಿದರು, ವರ್ಷದೊಳಗೆ ವಾಪಸ್.

ನೀಲಿ ಛತ್ರಿ: ಸ್ವಾಮಿ, ಕೊಯ್ದದ್ದಕ್ಕಲ್ಲ, ಅರ್ಧ ಕೊಯ್ದದ್ದಕ್ಕೆ. ಸಿಸ್ಟ್ರಂಕ್ ಆಪರೇಷನ್ ಅಂತ ಕೇಳಿದ್ದೀರಾ? 1920ರಿಂದ ಇದೆ.

ಹಳೇ ಬೇರು: ನೀವೇನು ಡಾಕ್ಟರಾ?

ನೀಲಿ ಛತ್ರಿ: ಅಲ್ಲ. ನನಗೇ ಆಗಿದೆ, ಅದಕ್ಕೆ ಗೊತ್ತು. ನೀವೇನು ಎಣ್ಣೆ ಅಂಗಡಿಯವರಾ?

ಹಳೇ ಬೇರು: ಹಿರಿಯರ ಜೊತೆ ಮಾತಾಡೋ ರೀತಿನಾ ಇದು? ಅಡ್ಮಿನ್ ನೋಡ್ತಾ ಇದ್ದೀರಾ?

ಡಾಕ್ಟರ್: ನೀಲಿ ಛತ್ರಿ ಹೇಳಿದ್ದು ಸರಿ. ನಡುವಿನ ಗಂಟಿನ ಜೊತೆ, ಧ್ವನಿಪೆಟ್ಟಿಗೆಯ ಮೇಲಿರುವ ಹೈಯಾಯ್ಡ್ ಅನ್ನೋ ಸಣ್ಣ ಮೂಳೆಯ ನಡುಭಾಗವನ್ನೂ ನಾಲಿಗೆಯ ಬುಡದವರೆಗಿನ ದಾರಿಯನ್ನೂ ತೆಗೆಯಬೇಕು. ಬರೀ ಗಂಟು ತೆಗೆದರೆ ಮತ್ತೆ ಬರುವ ಸಾಧ್ಯತೆ ತುಂಬಾ ಜಾಸ್ತಿ. ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಸಂಜೆಗಾಳಿ: ನನ್ನ ಗಂಡನಿಗೆ 52. ಬಲಗಡೆ, ದವಡೆಯ ಕೆಳಗೆ ಗಂಟು, ಎರಡು ತಿಂಗಳಿಂದ. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಬ್ರಾಂಕಿಯಲ್ ಸಿಸ್ಟ್’ ಅಂತಿದೆ. ಹುಟ್ಟಿನಿಂದ ಇರೋದು ಅಂದರೆ ಅಪಾಯ ಇಲ್ಲ ಅಲ್ವಾ? ಆಮೇಲೆ ನೋಡೋಣ ಅಂತಾರೆ.

ಡಾಕ್ಟರ್: ಆಮೇಲೆ ಅಲ್ಲ, ಈ ವಾರವೇ. ಹುಟ್ಟಿನ ಬ್ರಾಂಕಿಯಲ್ ಸಿಸ್ಟ್ ಸಾಮಾನ್ಯವಾಗಿ ಹರೆಯದಲ್ಲಿ ಕಾಣಿಸಿಕೊಳ್ಳುತ್ತದೆ. 40 ದಾಟಿದವರಲ್ಲಿ ಹೊಸದಾಗಿ ಕಂಡ ನೀರಿನ ಗಂಟನ್ನು ಕ್ಯಾನ್ಸರ್ ಅಲ್ಲ ಅಂತ ಖಚಿತವಾಗುವವರೆಗೆ ನಾವು ಬಿಡಲ್ಲ. ಟಾನ್ಸಿಲ್, ನಾಲಿಗೆಯ ಬುಡ, ಥೈರಾಯ್ಡ್, ಇಲ್ಲಿಯ ಕ್ಯಾನ್ಸರ್ ಕತ್ತಿನ ಗ್ರಂಥಿಗೆ ಹರಡಿದಾಗ ಸ್ಕ್ಯಾನಿನಲ್ಲಿ ಥೇಟ್ ಸಿಸ್ಟ್ ಹಾಗೇ ಕಾಣಬಹುದು. ಟಾನ್ಸಿಲ್, ನಾಲಿಗೆಯ ಬುಡದ ಕ್ಯಾನ್ಸರ್ ಬೀಡಿ ಸಿಗರೇಟು ಮುಟ್ಟದವರಲ್ಲೂ ಎಚ್‌ಪಿವಿ ವೈರಸ್‌ನಿಂದ ಬರುತ್ತದೆ. ಸೂಜಿ ಪರೀಕ್ಷೆ ಮಾಡಿಸಿ, ಗಂಟಲಿನೊಳಗೆ ದುರ್ಬೀನಿನಲ್ಲಿ ನೋಡಿಸಿ. ಸೂಜಿಯಲ್ಲಿ ಬರೀ ನೀರು ಬಂದು ‘ಕ್ಯಾನ್ಸರ್ ಕಣ ಇಲ್ಲ’ ಅಂದರೂ ಅಲ್ಲಿಗೇ ನಿಲ್ಲಿಸಬೇಡಿ. ಗೋಡೆಯಿಂದ ಸ್ಯಾಂಪಲ್ ತೆಗೆಯಲು ಕೇಳಿ.

ಸಂಜೆಗಾಳಿ: ಹೆದರಿಸ್ತಾ ಇದ್ದೀರಾ ಡಾಕ್ಟ್ರೇ?

ಡಾಕ್ಟರ್: ಹೌದು. ಹೆದರಿಯಾದರೂ ಹೋಗಿ.

ಹಳೇ ಬೇರು: ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ವಿಡಿಯೋ ಇದೆ, ಹಾಕ್ತೀನಿ.

ಡಾಕ್ಟರ್: ಹಾಕಬೇಡಿ. ಸಣ್ಣ ಸೂಜಿಯ ಪರೀಕ್ಷೆಯಿಂದ ಹರಡುವುದು ತೀರಾ ಅಪರೂಪ. ತಡ ಮಾಡಿ ಕೆಟ್ಟವರು ನಮ್ಮ ಹತ್ತಿರ ದಿನಾ ಬರುತ್ತಾರೆ. ಆ ವಿಡಿಯೋ ಬಂದರೆ ನಾನು ಗುಂಪು ಬಿಡ್ತೀನಿ.

ಮಲ್ಲಿಗೆ: ನಾಲಿಗೆ ಚಾಚಿಸಿದೆ, ಗಂಟು ಮೇಲೆ ಹೋಯಿತು! ಆಪರೇಷನ್ ತಕ್ಷಣ ಬೇಕಾ?

ಡಾಕ್ಟರ್: ಇಲ್ಲ. ಮೊದಲು ಸ್ಕ್ಯಾನ್. ಸೋಂಕಾಗುವ ಮುಂಚೆ ಸಮಯ ನೋಡಿ ಮಾಡಿಸಿ.

ಬೆಳದಿಂಗಳು: ನನಗೆ 5 ತಿಂಗಳು. ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂದೆ ನೀರಿನ ಚೀಲ ಇದೆ ಅಂದರು. ಇದೂ ಇದೇನಾ?

ನೀಲಿ ಛತ್ರಿ: ಡಾಕ್ಟ್ರೇ, ಇವರಿಗೆ ಮೊದಲು ಉತ್ತರ ಕೊಡಿ.

ಡಾಕ್ಟರ್: ಇದು ಬೇರೆ. ಸಿಸ್ಟಿಕ್ ಹೈಗ್ರೋಮಾ, ಅಂದರೆ ದುಗ್ಧರಸದ ನಾಳಗಳು ಸರಿಯಾಗಿ ಬೆಳೆಯದೆ ಆಗುವ ನೀರಿನ ಚೀಲ, ಇರಬಹುದು. ಕೆಲವೊಮ್ಮೆ ಕ್ರೋಮೊಸೋಮ್ ತೊಂದರೆ, ಹೃದಯದ ತೊಂದರೆ ಜೊತೆಗಿರುತ್ತದೆ, ಕೆಲವೊಮ್ಮೆ ಇರಲ್ಲ. ಗುಂಪಿನಲ್ಲಿ ಹೇಳುವಂಥದ್ದಲ್ಲ. ಭ್ರೂಣದ ಸ್ಕ್ಯಾನ್ ಮಾಡುವ ತಜ್ಞರನ್ನು ತಡಮಾಡದೆ ನೋಡಿ, ರಿಪೋರ್ಟ್ ಬೇಕಾದರೆ ನನಗೆ ಬೇರೆಯಾಗಿ ಕಳಿಸಿ.

ಗಿಡುಗ: ಸಾರ್, ತಂಗಿಯ ಗಂಟು ನಾಲಿಗೆ ಚಾಚಿದರೂ ಅಲ್ಲಾಡಲ್ಲ. ಹಾಗಾದರೆ ಏನದು?

ಹಳೇ ಬೇರು: ಇಷ್ಟೆಲ್ಲ ಓದಿ ಜನ ಹೆದರಿದ್ದೇ ಬಂತು. ನಾನು ಬೇಕಾದವರಿಗೆ ಪರ್ಸನಲ್ ಆಗಿ ಕಳಿಸ್ತೀನಿ.

ಅಡ್ಮಿನ್: ಹಳೇ ಬೇರು ಅವರನ್ನು ಗುಂಪಿನಿಂದ ತೆಗೆಯಲಾಗಿದೆ.

ಗಿಡುಗ: ಸಾರ್?