ಯಂತ್ರವನ್ನು ‘ಮಟ್ಟ ಹಾಕ’ಬಹುದೇ?

ಗೆಳೆಯರೇ,

ಮನೆಯ ಹಿಂದಿನ ಕೆಲಸದ ಕೋಣೆಗೆ ಹಳೆಯ ಲೇತೊಂದು, ಅಂದರೆ ಲೋಹದ ಸರಳನ್ನು ತಿರುಗಿಸುತ್ತ ಉಳಿಯಿಂದ ಕಡೆಯುವ ಯಂತ್ರ, ಬರುವುದಿದೆ. ತೂಕ ಸುಮಾರು 900 ಕಿಲೋ. ಅದನ್ನು ಲಾರಿಯಿಂದ ಇಳಿಸಿ ಒಳಗೆ ಸೇರಿಸಲು ನೆರವಾಗುವ ನಾಲ್ವರಿಗೆಂದು ಒಂದು ಪುಟದ ಸೂಚನೆ ಬರೆದೆ. ಮೊದಲು ಓದಿದ ಗೆಳೆಯ ನಕ್ಕುಬಿಟ್ಟ.

“‘ಗೋಡೆಯಿಂದ ಎರಡಡಿ ಬಿಟ್ಟು ಯಂತ್ರ ನಿಲ್ಲಿಸಿ, ಆಮೇಲೆ ಮಟ್ಟ ಹಾಕಿ’ ಅಂತ ಬರೆದಿದ್ದೀಯಲ್ಲ. ಇನ್ನೂ ಶುರುವೇ ಆಗದ್ದನ್ನ ನಿಲ್ಲಿಸೋದು ಹೇಗೆ? ಮಟ್ಟ ಹಾಕೋಕೆ ಅದೇನು ನಿನ್ನ ಮೇಲೆ ದಂಗೆ ಎದ್ದಿದೆಯಾ?”

‘ನಿಲ್ಲಿಸು’ವಿಗೆ ಮದ್ದು ಬೇಗ ಸಿಕ್ಕಿತು: ‘ಕೂರಿಸು’. ಮೋಟರು ಕೂರಿಸುತ್ತೇವೆ, ಬಾಗಿಲು ಕೂರಿಸುತ್ತೇವೆ, ಲೇತನ್ನೂ ಕೂರಿಸಬಹುದು. ಆದರೆ ಭಾರಕ್ಕೆ ನೆಲ ತಗ್ಗಿದರೂ ‘ನೆಲ ಕೂತಿದೆ’ ಎನ್ನುತ್ತೇವೆ. ಹೊಸದಾಗಿ ಹಾಕಿದ ಕಾಂಕ್ರೀಟು ಗಟ್ಟಿಯಾಗಲು 28 ದಿನ ಬಿಟ್ಟು ಯಂತ್ರ ತರಿಸುತ್ತಿದ್ದೇನೆ, ಹಾಗಾಗಿ ‘ನೆಲ ಕೂರದಂತೆ ಯಂತ್ರ ಕೂರಿಸುವುದು’ ಎಂಬ ಸಾಲೂ ಸೂಚನೆಯಲ್ಲಿದೆ. ಕೇಳಲು ತಮಾಷೆ, ಆದರೆ ಅರ್ಥ ತಪ್ಪುವುದಿಲ್ಲ. ಅದನ್ನು ಹಾಗೇ ಬಿಟ್ಟೆ.

ಸಾಗಿಸುವ ಭಾಗಕ್ಕಂತೂ ಪದಗಳ ಬರವೇ ಇಲ್ಲ. ಗಡಾರಿಯಿಂದ ಮೀಟಿ, ಕೊಳವೆಗಳ ಮೇಲೆ ಉರುಳಿಸಿ, ಜಾರದಂತೆ ಬೆಣೆ ಕೊಟ್ಟು... ಎಲ್ಲಕ್ಕೂ ಬಾಯಲ್ಲೇ ಪದವಿದೆ. ಲೇತಿನ ಎಡತುದಿಯ ತಲೆಪೆಟ್ಟಿಗೆ (ಸರಳನ್ನು ಹಿಡಿದು ತಿರುಗಿಸುವ ಭಾಗ) ಬಹಳ ತೂಕ, ಅದೂ ಎತ್ತರದಲ್ಲಿರುತ್ತದೆ, ಸ್ವಲ್ಪ ವಾಲಿದರೂ ಮಗುಚುವ ಭಯ. ಇದಕ್ಕೆ ‘ತಲೆಭಾರ’ ಎಂದು ಬರೆದೆ. ಒಬ್ಬರೂ ತಕರಾರು ತೆಗೆಯಲಿಲ್ಲ.

ನನ್ನ ತೊಡಕೆಲ್ಲ ‘ಮಟ್ಟ’ದ್ದು. ‘ಮಟ್ಟ ಮಾಡು’ ಎಂದರೆ ನನಗೆ ಕಾಣುವುದು ನೆಲ: ಉಬ್ಬು ಕಡಿದು ತಗ್ಗು ತುಂಬುವುದು. ಯಂತ್ರದಲ್ಲಿ ಕಡಿಯುವುದೂ ಇಲ್ಲ, ತುಂಬುವುದೂ ಇಲ್ಲ. ಇನ್ನು ‘ಸಮತಟ್ಟು’ ಎನ್ನೋಣವೆಂದರೆ ಅದು ಬೇರೆಯೇ ಗುಣ. ನೀರು ಹರಿಯಲೆಂದು ವಾಟ ಕೊಟ್ಟ ನೆಲ ಕನ್ನಡಿಯಷ್ಟು ಸಮತಟ್ಟಾಗಿರಬಹುದು, ಆದರೆ ಮಟ್ಟವಾಗಿರುವುದಿಲ್ಲ. ಗಾರೆ ಕೆಲಸದವರು ಈ ಎರಡನ್ನೂ ಬೆರೆಸುವುದಿಲ್ಲ. ಬರೆಯುವ ನಾವೇ ಬೆರೆಸುತ್ತೇವೆ.

ಮಟ್ಟ ನೋಡಲು ಅವರು ಇಡುವ, ಗಾಜಿನ ನಳಿಗೆಯ ದ್ರವದಲ್ಲಿ ಗುಳ್ಳೆ ಓಡಾಡುವ ಸಾಧನದ ಹೆಸರು ‘ರಸಮಟ್ಟ’. ನನಗೆ ತುಂಬ ಇಷ್ಟದ ಪದ. ರಸವೆಂದರೆ ಪಾದರಸವಿರಬೇಕು ಅನಿಸುತ್ತದೆ, ಆದರೆ ಈಗ ಆ ಗಾಜಿನ ನಳಿಗೆಯಲ್ಲಿರುವುದು ಸಾಮಾನ್ಯವಾಗಿ ಮದ್ಯಸಾರ. ದ್ರವ ಬೇರೆಯಾದರೂ ಹೆಸರಿಗೆ ಏನೂ ಆಗಿಲ್ಲ. ಅವರ ಚೀಲದಲ್ಲೇ ‘ಮೂಲೆಮಟ್ಟ’ವೂ ಇದೆ. ಅದು ನೋಡುವುದು 90 ಡಿಗ್ರಿಯ ಮೂಲೆಯನ್ನು. ಅಲ್ಲಿ ಮಟ್ಟವೆಂದರೆ ‘ನಿಂತ ನೀರಿನಂತೆ’ ಎಂದಲ್ಲ, ‘ಇರಬೇಕಾದಂತೆ ಇದೆ’ ಎಂದು. ಈ ಅಗಲವಾದ ಅರ್ಥ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಲೇತು ಕೂರಿಸುವ ಕ್ರಮ ಹೀಗೆ. ಮೊದಲು ಎಲ್ಲ ಕಾಲುಗಳೂ ನೆಲಕ್ಕೆ ಊರಬೇಕು, ಅಂದರೆ ಪ್ರತಿಯೊಂದೂ ತನ್ನ ಪಾಲಿನ ಭಾರ ಹೊರಬೇಕು. ‘ಮುಟ್ಟು’ ಎಂದರೆ ಸಾಲದು, ಮುಟ್ಟಿದ್ದೆಲ್ಲ ಊರಿರುವುದಿಲ್ಲ. ಆಮೇಲೆ ಹಾಸಿನ (ಉಳಿ ಸಾಗುವ ಉದ್ದನೆಯ ತಳಭಾಗದ) ಎರಡೂ ತುದಿಯಲ್ಲಿ ಅಡ್ಡಲಾಗಿ ರಸಮಟ್ಟ ಇಟ್ಟು ನೋಡಿ, ತಗ್ಗಿದ ಕಾಲಿನಡಿ ತೆಳು ತಗಡು ತೂರಿಸಬೇಕು. ಈ ತಗಡನ್ನು ಬೆಣೆ ಎನ್ನಲಾರೆ. ಬೆಣೆಗೆ ಮೊನೆಯುಂಟು, ಬಡಿದು ಇಳಿಸುತ್ತೇವೆ. ಇದು ಎಲ್ಲ ಕಡೆ ಒಂದೇ ದಪ್ಪ. ಸದ್ಯಕ್ಕೆ ‘ತಗಡು’ ಎಂದೇ ಇಟ್ಟಿದ್ದೇನೆ, ‘ಚಕ್ಕೆ’ ಎನ್ನುವವರಿದ್ದರೆ ಹೇಳಿ.

ಇಲ್ಲಿ ಬಳಸುವ ರಸಮಟ್ಟವೂ ಗೋಡೆ ಕಟ್ಟುವವರದ್ದಲ್ಲ. ಇದರ ನಳಿಗೆಯ ಮೇಲೆ ಗುಳ್ಳೆ ಒಂದು ಗೆರೆ ಸರಿಯಿತೆಂದರೆ ಮೀಟರಿಗೆ 0.02 ಮಿ.ಮೀ. ಏರಿಳಿತ. ಒಂದು ಮೀಟರು ಉದ್ದದ ಪಟ್ಟಿಯ ಮೇಲೆ ಅದನ್ನಿಟ್ಟು, ಪಟ್ಟಿಯ ಒಂದು ತುದಿಯಡಿ 0.1 ಮಿ.ಮೀ. ದಪ್ಪದ ಕಾಗದ ತೂರಿಸಿದರೆ ಗುಳ್ಳೆ ಐದು ಗೆರೆ ಸರಿಯುತ್ತದೆ.

ಇಷ್ಟು ಸೂಕ್ಷ್ಮವಾಗಿ ನೋಡುವುದು ಏತಕ್ಕೆ ಎಂದು ಯೋಚಿಸಿದಾಗ ಹೊಳೆಯಿತು, ನಾನು ಹುಡುಕುತ್ತಿದ್ದ ಪದವೇ ತಪ್ಪು. ಲೇತು ಭೂಮಿಗೆ ಮಟ್ಟವಾಗಿ ಇರಲೇಬೇಕೆಂದಿಲ್ಲ. ಅಲೆಗೆ ತೂಗುವ ಹಡಗಿನೊಳಗೂ ಲೇತುಗಳು ಕೆಲಸ ಮಾಡುತ್ತವೆ. ಆಗಬಾರದ್ದು ಒಂದೇ: ಹಾಸಿನ ಒಂದು ತುದಿ ಹೀಗೆ, ಇನ್ನೊಂದು ತುದಿ ಹಾಗೆ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳಬಾರದು. ತಿರುಚಿದರೆ ಉಳಿ ಸಾಗುವ ದಾರಿ ಸರಳು ತಿರುಗುವ ಅಚ್ಚಿನಿಂದ ಸರಿಯುತ್ತದೆ, ಕಡೆದ ಸರಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಆಗುತ್ತದೆ. ರಸಮಟ್ಟ ಇಲ್ಲಿ ಎರಡು ತುದಿಗಳನ್ನು ಹೋಲಿಸುವ ಸಾಧನವಷ್ಟೇ.

ಹಾಗಾದರೆ ಈ ದೋಷಕ್ಕೆ ಏನೆನ್ನೋಣ? ‘ಡೊಂಕು’ ಬಾಗಿದ್ದಕ್ಕೆ, ‘ಓರೆ’ ಒಂದು ಕಡೆಗೆ ಸರಿದದ್ದಕ್ಕೆ, ‘ವಾಲು’ ಇಡಿಯಾಗಿ ಒರಗಿದ್ದಕ್ಕೆ. ‘ಸೊಟ್ಟ’ ಎಲ್ಲದಕ್ಕೂ ಆಗುತ್ತದೆ, ಹಾಗಾಗಿ ಇಲ್ಲಿ ಯಾವುದಕ್ಕೂ ಆಗದು. ‘ತಿರುಚು’ ಸರಿಯಾದ ಕ್ರಿಯೆ, ಆದರೆ ‘ತಿರುಚಿಕೆ ನಿವಾರಿಸಿ’ ಎಂದು ಬರೆದರೆ ಕಚೇರಿಯ ಸುತ್ತೋಲೆಯಾಗುತ್ತದೆ. ನನ್ನ ಮನಸ್ಸು ಹಗ್ಗದ ‘ಹುರಿ’ಯ ಕಡೆ ವಾಲಿದೆ. ಹಗ್ಗಕ್ಕೆ ಹುರಿ ಹಾಕುತ್ತೇವೆ, ಬಿಚ್ಚುತ್ತೇವೆ. ಹಾಸಿಗೂ ‘ಹುರಿ ಬಿದ್ದಿದೆ’, ‘ಹುರಿ ಬಿಡಿಸಿ’ ಎಂದರೆ ಗಡಾರಿ ಹಿಡಿದವನಿಗೆ ತಟ್ಟನೆ ತಿಳಿದೀತೇ? ಅಥವಾ ಮೂಲೆಮಟ್ಟದ ಅರ್ಥವನ್ನೇ ನಂಬಿ, ನಗುವವರು ನಗಲೆಂದು ‘ಮಟ್ಟ’ವನ್ನೇ ಉಳಿಸಿಕೊಳ್ಳಲೇ?

ಯಂತ್ರ ಕೂರಿಸಿ ಪಳಗಿದವರು, ಮರದ ಹಲಗೆ ಹೀಗೆ ತಿರುಚಿಕೊಂಡಾಗ ಬಡಗಿಗಳು ಏನೆನ್ನುತ್ತಾರೆಂದು ಬಲ್ಲವರು ದಯವಿಟ್ಟು ತಿಳಿಸಿ. ಲಾರಿ ಬರಲು ಇನ್ನು ಒಂಬತ್ತು ದಿನವಿದೆ.